ಓಡುತ್ತಿದ್ದ ಜೆಟ್ ಬೋಟ್ ನಡುನೀರಲ್ಲಿ ನಿಂತಿತು, ಈಗ ಎಂಜಿನ್ ತಿರುಗುತ್ತಲೇ ಇಲ್ಲ

ಲೆಕ್ಕದ ಪುಸ್ತಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಒಳ್ಳೆಯ ಸುದ್ದಿ ಹಿಡಿದು ಬಂದಿದ್ದರೆ ಚೆನ್ನಾಗಿತ್ತು.

ನನ್ನದು ಸೆಕೆಂಡ್ ಹ್ಯಾಂಡ್ ಜೆಟ್ ಬೋಟ್. ಒಂದೇ ಎಂಜಿನ್. ಮೂರು ಸಿಲಿಂಡರ್, ಫೋರ್ ಸ್ಟ್ರೋಕ್, ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್, ಸೂಪರ್‌ಚಾರ್ಜರ್ ಇಲ್ಲ. ಮೀಟರ್‌ನಲ್ಲಿ 212 ಗಂಟೆ ತೋರಿಸುತ್ತದೆ. ಓಡಿಸುವುದು ಸಿಹಿನೀರಿನಲ್ಲಿ ಮಾತ್ರ. ಆಯಿಲ್, ಫಿಲ್ಟರ್, ಪ್ಲಗ್ ಎಲ್ಲ ಸಮಯಕ್ಕೆ ಸರಿಯಾಗಿ ಬದಲಿಸಿದ್ದೇನೆ. ಲೆಕ್ಕ ಬರೆಯುವುದೇ ನನ್ನ ಉದ್ಯೋಗ, ಹಾಗಾಗಿ ಬೋಟಿಗೂ ಒಂದು ನೋಟ್‌ಬುಕ್ ಇದೆ. ಕೇಳಿದರೆ ತಾರೀಕು ಸಮೇತ ಹೇಳುತ್ತೇನೆ.

ನಿನ್ನೆ ಸಂಜೆ ನಾನು ಮತ್ತು ಮಗಳು ಹೋಗಿದ್ದೆವು. ಅಲೆ ಇರಲಿಲ್ಲ. ಸುಮಾರು 5500 ಆರ್‌ಪಿಎಂನಲ್ಲಿ ನೇರವಾಗಿ ಹೋಗುತ್ತಿದ್ದೆವು. ಇದ್ದಕ್ಕಿದ್ದಂತೆ ದಡ್ ಎಂದು ಎಂಜಿನ್ ನಿಂತಿತು. ಬಜರ್ ಕೂಗಲಿಲ್ಲ, ಯಾವ ಕೆಂಪು ದೀಪವೂ ಹತ್ತಲಿಲ್ಲ. ಮತ್ತೆ ಸ್ಟಾರ್ಟ್ ಒತ್ತಿದರೆ ಬರೀ ಟಕ್. ಇನ್ನೊಂದು ಸಲ ಒತ್ತಿದರೂ ಟಕ್. ಏಳೆಂಟು ಸಲ ಪ್ರಯತ್ನಿಸಿ ಬಿಟ್ಟೆ. ಆಮೇಲೆ ಆ ಕಡೆ ಬಂದ ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು. ಪುಣ್ಯಾತ್ಮರು.

ಇವತ್ತು ಬೆಳಿಗ್ಗೆ ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಹಿಂದಿನಿಂದ ಕೈ ಹಾಕಿ ಇಂಪೆಲ್ಲರ್ (ಜೆಟ್ ಪಂಪಿನೊಳಗೆ ನೀರು ತಳ್ಳುವ ರೆಕ್ಕೆಚಕ್ರ) ತಿರುಗಿಸಲು ನೋಡಿದರು, ಅಲ್ಲಾಡಲಿಲ್ಲ. ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಎಂಜಿನ್ ಸೀಜ್ ಆಗಿದೆ. ಬಿಚ್ಚುವುದು ದಂಡ, ಬೇರೆ ಎಂಜಿನ್ ಕೂರಿಸಿ."

212 ಗಂಟೆಗೆ ಎಂಜಿನ್ ಹೋಗುತ್ತಾ? ಬಿಸಿಯೂ ಆಗಿರಲಿಲ್ಲ. ಬೇರೆ ಎಂಜಿನ್ ಹುಡುಕುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯಾ? ಸ್ಪ್ಯಾನರ್ ಹಿಡಿಯಲು ಬರುತ್ತದೆ, ಆದರೆ ಎಂಜಿನ್ ಬಿಚ್ಚಿದವನಲ್ಲ.


ಹಳೇ ಸ್ಪ್ಯಾನರ್:

ಮೊದಲನೇ ಮಾತು, ಸ್ಟಾರ್ಟ್ ಬಟನ್ ಮತ್ತೆ ಮುಟ್ಟಬೇಡಿ. ಬೀಗದ ಕೈ ತೆಗೆದು ಜೇಬಲ್ಲಿ ಹಾಕಿಕೊಳ್ಳಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಎರಡನೆಯದು, ಇಂಪೆಲ್ಲರ್ ಕೈಗೆ ತಿರುಗಲಿಲ್ಲ ಅಂದ ಮಾತ್ರಕ್ಕೆ ಎಂಜಿನ್ ಸೀಜ್ ಎಂದು ಯಾರೂ ಹೇಳಲಾಗದು. ಪ್ರೊಪೆಲ್ಲರ್ ಬೋಟಿನಲ್ಲಿ ಗೇರ್ ಇರುತ್ತದೆ, ನ್ಯೂಟ್ರಲ್ ಇರುತ್ತದೆ. ನಿಮ್ಮಂಥ ಜೆಟ್ ಬೋಟಿನಲ್ಲಿ ಅದಿಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನಿಂದ ಹೊರಟ ಶಾಫ್ಟ್ ನೇರವಾಗಿ ಇಂಪೆಲ್ಲರ್‌ಗೆ ಹೋಗುತ್ತದೆ. ಎಂಜಿನ್ ಓಡಿದಷ್ಟು ಹೊತ್ತೂ ಇಂಪೆಲ್ಲರ್ ತಿರುಗುತ್ತದೆ. ನೀವು ನ್ಯೂಟ್ರಲ್ ಎಂದು ಕರೆಯುವುದು ಹಿಂದೆ ನೀರು ಚಿಮ್ಮುವ ಬಾಯಿಗೆ ಅಡ್ಡ ಬರುವ ಬಕೆಟ್ ಅರ್ಧ ಇಳಿದು ನೀರನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಆಟ ಅಷ್ಟೆ. ಹಾಗಾಗಿ ಪಂಪಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೂ ಎಂಜಿನ್ ನಿಲ್ಲುತ್ತದೆ. ಹಗ್ಗ ಸುತ್ತಿಕೊಂಡರೂ ನಿಲ್ಲುತ್ತದೆ. ಪಂಪ್ ಬೇರಿಂಗ್ ಹಿಡಿದುಕೊಂಡರೂ ನಿಲ್ಲುತ್ತದೆ. ಹೊರಗೆ ನಿಂತವರಿಗೆ ಇವೆಲ್ಲವೂ "ಎಂಜಿನ್ ಸೀಜ್" ಎಂದೇ ಕಾಣುತ್ತದೆ.

ನ್ಯೂಜಿಲೆಂಡಿನ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ಜೆಟ್ ಬೋಟನ್ನು ರೂಪಿಸಿದ್ದೇ ಆಳವಿಲ್ಲದ ಕಲ್ಲುನದಿಗಳಲ್ಲಿ ಓಡಿಸಲು. ಪ್ರೊಪೆಲ್ಲರ್ ಕೆಳಗೆ ಇಳಿಬಿದ್ದಿರುವುದಿಲ್ಲ, ಕಲ್ಲಿಗೆ ತಾಗುವುದಿಲ್ಲ, ಅದು ಲಾಭ. ಆದರೆ ಕೆಳಗಿನ ಮರಳು, ಜಲ್ಲಿ, ಕಳೆ ಎಲ್ಲವನ್ನೂ ಪಂಪ್ ಹೀರಿಕೊಳ್ಳುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಈಗ ನನಗೆ ಬೇಕಾದದ್ದು ನಿಮ್ಮ ನೋಟ್‌ಬುಕ್ ಅಲ್ಲ, ನೆನಪು. ಎಂಜಿನ್ ನಿಲ್ಲುವುದರಲ್ಲಿ ಮೂರು ಬಗೆ ಇದೆ. ಕೆಮ್ಮಿ, ಎಳೆದಾಡಿ, ಬಲ ಕಳೆದುಕೊಂಡು ನಿಂತರೆ ಹೆಚ್ಚಾಗಿ ಪೆಟ್ರೋಲಿನ ಕಡೆ ನೋಡಬೇಕು. ಸ್ವಿಚ್ ಆಫ್ ಮಾಡಿದ ಹಾಗೆ ಥಟ್ಟನೆ ನಿಂತರೆ ಕರೆಂಟು. ದಡ್ ಎಂದು ಏನೋ ಹಿಡಿದು ನಿಲ್ಲಿಸಿದ ಹಾಗೆ ನಿಂತರೆ ಮಾತ್ರ ಕಬ್ಬಿಣದ ಒಳಗೆ ಏನೋ ಆಗಿದೆ. ನೀವು ದಡ್ ಎಂದಿದ್ದೀರಿ. ಖಚಿತವಾ? ಆ ಸದ್ದು ಕೇಳಿದ್ದು ಓಡುವಾಗಲೇನಾ? ಬೋಟಿನಲ್ಲಿ ನಿಮ್ಮ ಜೊತೆ ಇದ್ದವರನ್ನೂ ಬೇರೆಯಾಗಿ ಕೇಳಿ. ನೀವು ಏನು ಕೇಳಿಸಿಕೊಂಡಿರಿ ಎಂದು ಅವರಿಗೆ ಮೊದಲೇ ಹೇಳಬೇಡಿ.

ಇನ್ನೂ ಕೆಲವು. ನಿಂತಾಗ ಡ್ಯಾಶ್ ಬೆಳಕು ಇತ್ತಾ, ಅದೂ ಹೋಗಿತ್ತಾ? ಎಷ್ಟು ದೂರ, ಎಷ್ಟು ವೇಗದಲ್ಲಿ ಎಳೆಸಿಕೊಂಡು ಬಂದಿರಿ? ದಡಕ್ಕೆ ಬಂದ ಮೇಲೆ ಸ್ಟಾರ್ಟ್ ಒತ್ತಿದಿರಾ?


ಅಲೆಗಾರ:

ಇಷ್ಟೆಲ್ಲ ಯಾಕೆ ಸರ್? ಟಕ್ ಟಕ್ ಅಂದರೆ ಬ್ಯಾಟರಿ. ಕಾರಿನ ಬ್ಯಾಟರಿಯಿಂದ ಜಂಪರ್ ವೈರ್ ಹಾಕಿ ಒತ್ತಿ, ಎದ್ದು ಕೂರುತ್ತೆ. ನನಗೂ ಹೋದ ಸೀಸನ್‌ನಲ್ಲಿ ಹೀಗೇ ಆಗಿತ್ತು.


ಹಳೇ ಸ್ಪ್ಯಾನರ್:

@ಅಲೆಗಾರ, ನಿಮ್ಮದು ಬ್ಯಾಟರಿಯೇ ಇದ್ದಿರಬಹುದು, ಇಲ್ಲ ಅನ್ನಲ್ಲ. ಆದರೆ ಇವರ ಇಂಪೆಲ್ಲರ್ ಕೈಗೂ ತಿರುಗುತ್ತಿಲ್ಲ. ಒಳಗೆ ಏನೋ ಅಡ್ಡ ನಿಂತಿರುವಾಗ ದೊಡ್ಡ ಬ್ಯಾಟರಿ ತಂದು ನೂಕಿದರೆ ಪಿಸ್ಟನ್ ಹಿಡಿದಿರುವ ರಾಡ್ ಬಗ್ಗುತ್ತದೆ. ಆಮೇಲೆ ಆ ಮೆಕ್ಯಾನಿಕ್ ಹೇಳಿದ ಮಾತೇ ನಿಜವಾಗುತ್ತದೆ.

ಲೆಕ್ಕದ ಪುಸ್ತಕದವರೇ, ದಯವಿಟ್ಟು ಜಂಪರ್ ಹಾಕಬೇಡಿ.


ಲೆಕ್ಕದ ಪುಸ್ತಕ:

ನೀವು ಹೇಳಿದ ಹಾಗೆ ಮಗಳನ್ನು ಕೇಳಿದೆ. "ನಿನ್ನೆ ಬೋಟು ನಿಂತಾಗ ಏನಾಯಿತು?" ಅಂದೆ, ಅಷ್ಟೆ. ಅವಳು ಹೇಳಿದ್ದು ಇಲ್ಲಿ ಹಾಗೇ ಬರೆಯುತ್ತೇನೆ, ಯಾಕೆಂದರೆ ನನಗೆ ಸ್ವಲ್ಪ ನಾಚಿಕೆಯಾಗಿದೆ.

"ಹಾಡು ನಿಂತಿತು. ಬೋಟೂ ನಿಂತಿತು. ನೀವು ಹಾಡು ಯಾಕೆ ಆಫ್ ಮಾಡಿದಿರಿ ಅಂತ ನಾನು ಕೇಳಿದೆ, ನೀವು ಉತ್ತರ ಕೊಡಲಿಲ್ಲ. ಆಮೇಲೆ ಹಾಡು ತಾನಾಗೇ ಮತ್ತೆ ಮೊದಲಿಂದ ಶುರುವಾಯಿತು."

ದಡ್ ಎಂಬ ಸದ್ದು? "ಅದು ದಡಕ್ಕೆ ಬಂದ ಮೇಲೆ ಅಲ್ವಾ? ನೀವು ಬಟನ್ ಒತ್ತಿದಾಗ."

ಕೂತು ನೆನಪಿಸಿಕೊಂಡೆ. ಅವಳು ಹೇಳಿದ್ದೇ ಸರಿ. ನೀರಿನ ನಡುವೆ ಕೇಳಿದ್ದು ಬರೀ ಟಕ್. ದಡಕ್ಕೆ ಕಟ್ಟಿದ ಮೇಲೆ ಇನ್ನೊಂದು ಸಲ ನೋಡೋಣ ಎಂದು ಒತ್ತಿದ್ದೆ. ಆಗ ಸ್ಟಾರ್ಟರ್ ಅರ್ಧ ಸುತ್ತು ತಿರುಗಿದ ಹಾಗಾಗಿ ದಡ್ ಎಂದು ನಿಂತಿತ್ತು. ಆಮೇಲೆ ಮತ್ತೆ ಟಕ್, ಟಕ್. ಗಾಬರಿಯಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇನೆ. ಲೆಕ್ಕದಲ್ಲಿ ಇಂಥ ತಪ್ಪು ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಎಳೆಸಿಕೊಂಡ ದೂರ ಸುಮಾರು 4 ಕಿಲೋಮೀಟರ್. 12 ನಿಮಿಷ ಆಗಿತ್ತು, ಫೋನ್‌ನಲ್ಲಿ ಕರೆ ಮಾಡಿದ ಸಮಯ ನೋಡಿ ಹೇಳುತ್ತಿದ್ದೇನೆ. ಅಂದರೆ ಗಂಟೆಗೆ 20 ಕಿಲೋಮೀಟರ್. ಕತ್ತಲಾಗುತ್ತಿತ್ತು, ನಾನೇ ಬೇಗ ಹೋಗೋಣ ಅಂದಿದ್ದೆ.

ಡ್ಯಾಶ್ ಬೆಳಕು ನಾನು ನೋಡಲಿಲ್ಲ. ಈಗ ಗಡಿಯಾರ 12:00 ಎಂದು ಮಿನುಗುತ್ತಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?


ಹಳೇ ಸ್ಪ್ಯಾನರ್:

ನಿಮ್ಮ ಮಗಳಿಗೆ ನನ್ನ ನಮಸ್ಕಾರ ಹೇಳಿ. ಸ್ಪ್ಯಾನರ್ ಹಿಡಿಯದೆ ಅರ್ಧ ರೋಗ ಹಿಡಿದಿದ್ದಾಳೆ.

ನಿಮ್ಮದು ಒಂದು ರೋಗ ಅಲ್ಲ, ಎರಡು. ಬೋಟು ನಿಂತದ್ದು ಒಂದು ಕಾರಣಕ್ಕೆ. ಈಗ ತಿರುಗದೆ ಇರುವುದು ಬೇರೆಯದೇ ಕಾರಣಕ್ಕೆ. ಎರಡನ್ನೂ ಒಂದೇ ಎಂದುಕೊಂಡರೆ ಯಾವುದೂ ಸಿಗುವುದಿಲ್ಲ.

ಮೊದಲನೆಯದು ನೋಡಿ. ಹಾಡು, ಗಡಿಯಾರ, ಎಂಜಿನ್ ಮೂರೂ ಒಂದೇ ಕ್ಷಣಕ್ಕೆ ಹೋಗಿವೆ. ಆ ಮೂರಕ್ಕೂ ಸಾಮಾನ್ಯವಾಗಿ ಇರುವುದು ಮುಖ್ಯ ಕರೆಂಟು ಒಂದೇ. ಲ್ಯಾನ್ಯಾರ್ಡ್ (ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳುವ, ಕಿತ್ತರೆ ಎಂಜಿನ್ ನಿಲ್ಲಿಸುವ ದಾರ) ಕಿತ್ತಿದ್ದರೆ ಎಂಜಿನ್ ಮಾತ್ರ ನಿಲ್ಲುತ್ತಿತ್ತು, ಹಾಡು ನಿಲ್ಲುತ್ತಿರಲಿಲ್ಲ. ಪೆಟ್ರೋಲ್ ಪಂಪ್ ಅಥವಾ ಕ್ರ್ಯಾಂಕ್ ಸೆನ್ಸರ್ ಹೋಗಿದ್ದರೂ ಅಷ್ಟೇ. ಹಾಡು ತಾನಾಗೇ ಮರಳಿ ಬಂತು, ಅಂದರೆ ಫ್ಯೂಸ್ ಸುಟ್ಟಿಲ್ಲ. ಸುಟ್ಟ ಫ್ಯೂಸ್ ತಾನಾಗೇ ಸರಿಯಾಗುವುದಿಲ್ಲ. ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಮೇನ್ ಸ್ವಿಚ್, ಈ ಮೂರರಲ್ಲಿ ಒಂದು ಅಲ್ಲಾಡುತ್ತಿದೆ. ಇದನ್ನು ನಂತರ ನೋಡೋಣ, ಅದು ಎಲ್ಲಿಗೂ ಓಡಿಹೋಗಲ್ಲ.

ತುರ್ತು ಎರಡನೆಯದಕ್ಕೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಎಳೆಸಿಕೊಂಡಿದ್ದೀರಿ. ಎಂಜಿನ್ ತಂಪು ಮಾಡುವ ನೀರು ನಿಮ್ಮ ಬೋಟಿನಲ್ಲಿ ಜೆಟ್ ಪಂಪಿನಿಂದಲೇ ಒಂದು ಹೋಸ್ ಮೂಲಕ ಬರುತ್ತದೆ. ಎಂಜಿನ್ ಓಡುವಾಗ ಆ ನೀರು ಎಂಜಿನ್ ಸುತ್ತಿ ಎಕ್ಸಾಸ್ಟಿಗೆ ಬೀಳುತ್ತದೆ, ಹೊಗೆ ಅದನ್ನು ಹೊರಗೆ ತಳ್ಳುತ್ತದೆ. ನಿಂತ ಎಂಜಿನ್‌ನಲ್ಲಿ ತಳ್ಳಲು ಹೊಗೆ ಇಲ್ಲ. ಆದರೆ ಬೋಟು ವೇಗವಾಗಿ ಹೋದರೆ ಪಂಪಿನೊಳಗೆ ನುಗ್ಗುವ ನೀರು ಅದೇ ಹೋಸ್ ಹತ್ತಿ ಬರುತ್ತಲೇ ಇರುತ್ತದೆ. ಸೈಲೆನ್ಸರ್ ತುಂಬುತ್ತದೆ. ಅಲ್ಲಿಂದ ಮೇಲೆ ಹತ್ತಿ, ಎಕ್ಸಾಸ್ಟ್ ವಾಲ್ವ್ ತೆರೆದು ನಿಂತ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಹುದು, ನೀರನ್ನು ಒತ್ತಲಾಗದು. ದಡ್ ಎಂದದ್ದು ಅದು. ಹೈಡ್ರೊಲಾಕ್.

ಗಂಟೆಗೆ 8 ಕಿಲೋಮೀಟರ್‌ಗಿಂತ ಜೋರಾಗಿ ಎಳೆಯಬೇಡಿ, ಎಳೆಯಲೇಬೇಕಾದರೆ ಆ ಹೋಸಿಗೆ ಕ್ಲ್ಯಾಂಪ್ ಹಾಕಿ ಎಂದು ಇಂಥ ಬೋಟುಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಯಾರು ಓದುತ್ತಾರೆ ಹೇಳಿ. ನಾನೂ ಓದಿದ್ದು ಒಂದು ಎಂಜಿನ್ ಮುಳುಗಿಸಿದ ಮೇಲೆಯೇ.

ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ನಾಳೆಗೆ ಬಿಡಬೇಡಿ, ನೀರು ಕೂತಷ್ಟು ಹೊತ್ತು ಸಿಲಿಂಡರ್ ಗೋಡೆಗೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ಎಂಜಿನ್ ಮುಚ್ಚಳ ಪೂರ್ತಿ ತೆರೆದು, ಒಳಗಿನ ಗಾಳಿ ಹೊರಹಾಕುವ ಬ್ಲೋವರ್ ನಾಲ್ಕೈದು ನಿಮಿಷ ಓಡಿಸಿ. ಪೆಟ್ರೋಲ್ ವಾಸನೆ ಇದ್ದರೆ ಮುಂದಕ್ಕೆ ಹೋಗಲೇಬೇಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಇಗ್ನಿಷನ್ ಕಾಯಿಲ್ ಮೂರೂ ತೆಗೆದು ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಇಟ್ಟುಕೊಳ್ಳಿ, ಅದು ನಿಮಗೆ ಹೇಳಿಕೊಡಬೇಕಾಗಿಲ್ಲ. ಈಗ ಶಾಫ್ಟನ್ನು ಕೈಯಲ್ಲಿ, ಆಗದಿದ್ದರೆ ಸ್ಟ್ರಾಪ್ ವ್ರೆಂಚಿನಲ್ಲಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಮುಖ ಪ್ಲಗ್ ತೂತಿನ ಮೇಲೆ ಇಡಬೇಡಿ.

ತಿರುಗಿ ನೀರು ಹೊರಬಂದರೆ ನಾನು ಹೇಳಿದ್ದೇ. ಪ್ಲಗ್ ತೆಗೆದರೂ ಅಲ್ಲಾಡದಿದ್ದರೆ ಹಿಂದಿನಿಂದ ಪಂಪ್ ಬಿಚ್ಚಿ ಶಾಫ್ಟ್ ಬೇರೆ ಮಾಡಬೇಕು. ಆಗ ಪಂಪ್ ಒಂದೇ ತಿರುಗದಿದ್ದರೆ ರೋಗ ಪಂಪಿನದು, ಎಂಜಿನ್ ಒಂದೇ ತಿರುಗದಿದ್ದರೆ ರೋಗ ಎಂಜಿನ್‌ದು. ಮೆಕ್ಯಾನಿಕ್ ಮಾತು ಒಪ್ಪುವುದಿದ್ದರೆ ಆಗ ಒಪ್ಪಿ, ಅದಕ್ಕೂ ಮುಂಚೆ ಬೇಡ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಆಯಿಲ್ ಬಣ್ಣವನ್ನೂ ನೋಡಿ ಹೇಳಿ.


ತಂತಿ ಕೆಲಸ:

ಸ್ಪ್ಯಾನರ್ ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ, ನನ್ನ ಹೊಟ್ಟೆಪಾಡು ವೈರಿಂಗ್.

ಹಾಡು ಬರುತ್ತಿತ್ತು, ಡ್ಯಾಶ್ ಬರುತ್ತಿತ್ತು, ಆದರೆ ಸ್ಟಾರ್ಟರ್ ಟಕ್ ಎನ್ನುತ್ತಿತ್ತು. ಇದು ಸಡಿಲ ಟರ್ಮಿನಲ್‌ನ ಸಹಿ. ರೇಡಿಯೊಗೆ ಬೇಕಾಗುವುದು ಒಂದೆರಡು ಆಂಪಿಯರ್. ಸ್ಟಾರ್ಟರ್‌ಗೆ ನೂರಕ್ಕೂ ಜಾಸ್ತಿ. ಅಲ್ಲಾಡುವ ಟರ್ಮಿನಲ್ ರೇಡಿಯೊಗೆ ಸಾಕಾಗುವಷ್ಟು ತಾಗಿರುತ್ತದೆ, ಸ್ಟಾರ್ಟರ್ ಕೇಳಿದ ಕೂಡಲೇ ಕೈ ಎತ್ತಿಬಿಡುತ್ತದೆ. ಅದಕ್ಕೇ ಜನ ಬ್ಯಾಟರಿ ಸತ್ತಿದೆ ಎಂದು ಹೊಸದು ತರುತ್ತಾರೆ. ಹೊಸದು ಹಾಕುವಾಗ ನಟ್ ಬಿಗಿ ಮಾಡುತ್ತಾರೆ, ಸರಿಯಾಗುತ್ತದೆ. ಬ್ಯಾಟರಿಯೇ ಹೋಗಿತ್ತು ಎಂದು ನಂಬಿ ಬದುಕುತ್ತಾರೆ. @ಅಲೆಗಾರ ಅವರೇ, ತಪ್ಪು ತಿಳಿಯಬೇಡಿ.

ಎಂಜಿನ್ ಬಿಡುಗಡೆಯಾದ ಮೇಲೆ ಹೀಗೆ ನೋಡಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಸುಮ್ನೆ ಇದ್ದಾಗ ಬ್ಯಾಟರಿ 12.6 ತೋರಿಸಿದರೆ ತುಂಬಿದೆ. 12.2ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ. ಆಮೇಲೆ ಮೀಟರ್ ವೈರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೆ, ಕ್ಲ್ಯಾಂಪಿನ ಮೇಲೆ ಅಲ್ಲ. ಇನ್ನೊಂದು ಮುಳ್ಳು ಎಂಜಿನ್ ಬ್ಲಾಕಿನ ಬೋಳು ಲೋಹದ ಮೇಲೆ. ಯಾರಾದರೂ ಸ್ಟಾರ್ಟ್ ಒತ್ತಲಿ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ಕರೆಂಟಿಗೆ ತಡೆ ಬೀಳುತ್ತಿದೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರ್ ಬೋಲ್ಟಿಗೂ ಹಾಗೇ ನೋಡಿ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಕೇಬಲ್ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಟರ್ಮಿನಲ್‌ನಲ್ಲಿ ಕೈಯಿಂದ ತಿರುಗಿಸುವ ರೆಕ್ಕೆ ನಟ್ ಇದ್ದರೆ ಮೊದಲು ಅದನ್ನು ಕಿತ್ತೆಸೆಯಿರಿ. ಬೋಟಿನ ಕುಲುಕಾಟಕ್ಕೆ ಅದು ನಿಲ್ಲುವುದಿಲ್ಲ.


ಲೆಕ್ಕದ ಪುಸ್ತಕ:

ರಾತ್ರಿ ಹತ್ತೂವರೆ. ಕೈ ತುಂಬ ಆಯಿಲ್, ಆದರೂ ಬರೆಯದೆ ಇರಲಾಗುತ್ತಿಲ್ಲ.

ಒಂದು ಮತ್ತು ಎರಡನೇ ಪ್ಲಗ್ ಸುಲಭವಾಗಿ ಬಂದವು. ಒಂದನೆಯದು ಒಣಗಿತ್ತು. ಎರಡನೆಯದರ ಮೇಲೆ ನೀರ ಹನಿ. ಮೂರನೆಯದನ್ನು ಬಿಚ್ಚುತ್ತಿದ್ದಂತೆಯೇ ತೂತಿನ ಸುತ್ತ ನೀರು ಬಂದು ನಿಂತಿತು. ನೋಡಿ ಎದೆ ಧಸಕ್ಕೆಂದಿತು, ಅದೇ ಕ್ಷಣ ಖುಷಿಯೂ ಆಯಿತು.

ಶಾಫ್ಟ್ ಹಿಡಿದು ತಿರುಗಿಸಿದೆ. ತಿರುಗಿತು! ಮೊದಲು ಗಟ್ಟಿ, ಆಮೇಲೆ ಮೆತ್ತಗೆ. ಮೂರನೇ ತೂತಿನಿಂದ ಒಂದು ಲೋಟದಷ್ಟು ನೀರು ಉಕ್ಕಿತು. ನೀವು ಹೇಳಿದ್ದರೂ ಮಗಳು ಬಗ್ಗಿ ನೋಡಲು ಬಂದಳು, ತಳ್ಳಿದೆ. ನನ್ನ ಅಂಗಿಯ ತೋಳು ನೆನೆಯಿತು.

ಆದರೆ ಡಿಪ್‌ಸ್ಟಿಕ್ ನೋಡಿ ಮತ್ತೆ ಕುಗ್ಗಿದೆ. ಆಯಿಲ್ ಬೂದು ಬಣ್ಣಕ್ಕೆ ತಿರುಗಿದೆ, ನೊರೆ ಕಟ್ಟಿದೆ. ಮಟ್ಟವೂ ಮೇಲಿನ ಗೆರೆ ದಾಟಿದೆ.

ಬ್ಯಾಟರಿ ವಿಷಯ. ತಂತಿ ಕೆಲಸದವರೇ, ನೀವು ಇಲ್ಲೇ ಎಲ್ಲೋ ನಿಂತು ನೋಡಿದ್ದೀರಾ? ನೆಗೆಟಿವ್‌ನಲ್ಲಿ ರೆಕ್ಕೆ ನಟ್. ಬೆರಳು ತಾಗಿಸಿದರೆ ತಿರುಗುತ್ತಿತ್ತು. ಅಡಿಯಲ್ಲಿ ಕಪ್ಪು ಸುಟ್ಟ ಗುರುತು. ನೋಟ್‌ಬುಕ್ ತೆರೆದು ನೋಡಿದೆ. ಹದಿನೆಂಟು ದಿನದ ಹಿಂದೆ ಬ್ಯಾಟರಿ ಚಾರ್ಜ್ ಮಾಡಲು ನಾನೇ ಕಳಚಿ, ನಾನೇ ಹಾಕಿದ್ದೆ. "ಬ್ಯಾಟರಿ ಚಾರ್ಜ್, ಮರುಜೋಡಣೆ, ಸರಿ" ಎಂದು ಬರೆದು ಪಕ್ಕದಲ್ಲಿ ಟಿಕ್ ಕೂಡ ಹಾಕಿದ್ದೇನೆ.


ಹಳೇ ಸ್ಪ್ಯಾನರ್:

ಹಹ್ಹಾ. ಆ ಟಿಕ್ ಅಳಿಸಬೇಡಿ, ಇರಲಿ.

ಒಂದು ವಿಷಯ ಗಮನಿಸಿದಿರಾ? ಆ ಸಡಿಲ ನಟ್ಟೇ ಬೋಟು ನಿಲ್ಲಿಸಿತು, ಆ ಸಡಿಲ ನಟ್ಟೇ ಎಂಜಿನ್ ಉಳಿಸಿರಲೂಬಹುದು. ದಡದಲ್ಲಿ ಒತ್ತಿದಾಗ ಸ್ಟಾರ್ಟರ್‌ಗೆ ಪೂರ್ತಿ ಬಲ ಸಿಗಲಿಲ್ಲ. ಸಿಕ್ಕಿದ್ದರೆ ಪಿಸ್ಟನ್ನನ್ನು ನೀರಿನ ಮೇಲೆ ಇನ್ನೂ ಜೋರಾಗಿ ನೂಕುತ್ತಿತ್ತು. ಓಡುವ ಎಂಜಿನ್ ನೀರು ನುಂಗಿದರೆ ರಾಡ್ ಬಗ್ಗುವುದು ಹೆಚ್ಚುಕಮ್ಮಿ ಖಚಿತ. ಬರೀ ಸ್ಟಾರ್ಟರ್ ತಿರುಗಿಸಿದ್ದರೆ ಬಚಾವಾಗುವುದೇ ಜಾಸ್ತಿ.

ಆದರೂ ಪರೀಕ್ಷೆ ಮಾಡದೆ ನಂಬಬಾರದು. ಉದ್ದನೆಯ ತೆಳ್ಳಗಿನ ಮರದ ಕಡ್ಡಿ ತೆಗೆದುಕೊಳ್ಳಿ. ತುಂಡಾಗಿ ಒಳಗೆ ಬೀಳುವಂಥದ್ದು ಬೇಡ. ಪ್ಲಗ್ ತೂತಿನಲ್ಲಿ ಇಳಿಸಿ ಪಿಸ್ಟನ್ ಮೇಲೆ ಕೂರಿಸಿ, ಶಾಫ್ಟ್ ನಿಧಾನವಾಗಿ ತಿರುಗಿಸಿ. ಕಡ್ಡಿ ಅತಿ ಎತ್ತರಕ್ಕೆ ಬಂದಾಗ ತೂತಿನ ಅಂಚಿಗೆ ಗುರುತು ಹಾಕಿ. ಮೂರೂ ಸಿಲಿಂಡರಿಗೆ ಹಾಗೇ. ಗುರುತು ಮೂರೂ ಒಂದೇ ಕಡೆ ಬೀಳಬೇಕು. ರಾಡ್ ಬಗ್ಗಿದ್ದರೆ ಗಿಡ್ಡವಾಗಿರುತ್ತದೆ, ಆ ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ, ಗುರುತು ಬೇರೆ ಕಡೆ ಬೀಳುತ್ತದೆ. ಒಂದು ಮಿಲಿಮೀಟರ್ ವ್ಯತ್ಯಾಸ ಕಂಡರೂ ಹೇಳಿ.

ಸರಿಯಿದ್ದರೆ ಮುಂದಿನದು. ಕಾಯಿಲ್ ಕನೆಕ್ಟರ್, ಇಂಜೆಕ್ಟರ್ ಕನೆಕ್ಟರ್ ಎರಡೂ ಕಳಚಿ ಇರಲಿ. ಪ್ಲಗ್ ಇಲ್ಲದೆ ಕಿಡಿ ಹಾರಬಾರದು, ಪೆಟ್ರೋಲ್ ಸಿಂಪಡಿಸಬಾರದು. ಬ್ಯಾಟರಿ ಜೋಡಿಸಿ, ತೂತಿನ ಮೇಲೆ ಬಟ್ಟೆ ಮುಚ್ಚಿ, ಐದು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಉಳಿದ ನೀರೆಲ್ಲ ಹೊರಗೆ ಬರುತ್ತದೆ. ಆಮೇಲೆ ಪ್ರತಿ ತೂತಿಗೂ ಫಾಗಿಂಗ್ ಆಯಿಲ್ (ತುಕ್ಕು ತಡೆಯುವ ಸ್ಪ್ರೇ ಆಯಿಲ್) ಸಿಂಪಡಿಸಿ ಇನ್ನೆರಡು ಸಲ ತಿರುಗಿಸಿ. ಇಲ್ಲಿಗೆ ಬಂದರೆ ನಿದ್ದೆ ಮಾಡಬಹುದು.

ನೊರೆ ಕಟ್ಟಿದ ಆಯಿಲ್‌ಗೆ ಹೆದರಬೇಡಿ. ಸಿಲಿಂಡರಿನ ನೀರು ರಾತ್ರಿಯೆಲ್ಲ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ಇಳಿದಿದೆ, ಅಷ್ಟೆ. ಆದರೆ ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಬೇಡಿ. ಎಲ್ಲ ಹೀರಿ ತೆಗೆದು ಹೊಸ ಆಯಿಲ್, ಹೊಸ ಫಿಲ್ಟರ್. ಹಳೇ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ, ಹೊಳೆಯುವ ಲೋಹದ ಚೂರು ಇದ್ದರೆ ನಿಲ್ಲಿಸಿ ನನಗೆ ಹೇಳಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಓಡಿಸಿ ಮತ್ತೆ ಆಯಿಲ್ ಬದಲಿಸಿ. ಬಣ್ಣ ತಿಳಿಯಾಗುವ ತನಕ ಬದಲಿಸುತ್ತಲೇ ಇರಬೇಕು. ಅಗ್ಗದ ಆಯಿಲ್ ನಡೆಯುತ್ತದೆ, ಕೊನೆಯ ಸಲ ಮಾತ್ರ ಒಳ್ಳೆಯದು ಹಾಕಿ.

ದಡದಲ್ಲಿ ಪೈಪ್ ಸಿಕ್ಕಿಸಿ ಓಡಿಸುವಾಗ ಜಾಗ್ರತೆ. ಎಂಜಿನ್ ಮೊದಲು, ನೀರು ಆಮೇಲೆ. ನಿಲ್ಲಿಸುವಾಗ ನೀರು ಮೊದಲು, ಎಂಜಿನ್ ಆಮೇಲೆ. ತಿರುವುಮುರುವು ಮಾಡಿದರೆ ನಿನ್ನೆ ಕೆರೆಯಲ್ಲಿ ಆದದ್ದೇ ಮನೆ ಅಂಗಳದಲ್ಲಿ ಆಗುತ್ತದೆ.


ಮರಳು ದಿಬ್ಬ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬೇರೆ ಥರ. ಎಂಜಿನ್ ಓಡುತ್ತೆ, ರೇಸ್ ಕೊಟ್ಟರೆ ಆರ್‌ಪಿಎಂ ಜೋರಾಗಿ ಏರುತ್ತೆ, ಬೋಟು ಮಾತ್ರ ತೆವಳುತ್ತೆ. ಇದೂ ನೀರು ಹೋಗಿರೋದಾ?


ಹಳೇ ಸ್ಪ್ಯಾನರ್:

ಅಲ್ಲ. ನೀವು ಬೇರೆ ಪ್ರಶ್ನೆ ಹಾಕಿ, ಇಲ್ಲಿ ಇವರ ಎಂಜಿನ್ ಇನ್ನೂ ಆಪರೇಷನ್ ಟೇಬಲ್ ಮೇಲಿದೆ. ಅಲ್ಲಿಯವರೆಗೆ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಅಡಿಯ ಜಾಲರಿಗೆ ಕಳೆ ಸುತ್ತಿದೆಯಾ ನೋಡಿ. ಅಲ್ಲಿಲ್ಲದಿದ್ದರೆ ಇಂಪೆಲ್ಲರ್ ಅಂಚಿಗೂ ಅದರ ಸುತ್ತಲಿನ ವೇರ್ ರಿಂಗಿಗೂ ನಡುವೆ ಎಷ್ಟು ಸಂದಿ ಇದೆ ನೋಡಿ. ನಿಮ್ಮ ಹೆಸರು ನೋಡಿದರೆ ಮರಳು ಹೀರಿ ರಿಂಗ್ ತಿಂದಿರುವ ಹಾಗಿದೆ. ಮೂರು ಅಡಿಗಿಂತ ಕಡಿಮೆ ನೀರಿನಲ್ಲಿ ಸ್ಟಾರ್ಟ್ ಮಾಡುವ ಅಭ್ಯಾಸ ಇದ್ದರೆ ಬಿಡಿ.


ಲೆಕ್ಕದ ಪುಸ್ತಕ:

ಮೂರು ದಿನ ಬರೆಯಲಾಗಲಿಲ್ಲ. ನಡೆದದ್ದೆಲ್ಲ ಹೇಳಿಬಿಡುತ್ತೇನೆ.

ಕಡ್ಡಿ ಪರೀಕ್ಷೆ ಮೂರು ಸಲ ಮಾಡಿದೆ. ಒಂದು ಸಲ ನಾನು, ಒಂದು ಸಲ ಮಗಳು, ಒಂದು ಸಲ ಇಬ್ಬರೂ. ಮೂರೂ ಗುರುತು ಪೆನ್ಸಿಲ್ ಗೆರೆಯ ದಪ್ಪದೊಳಗೇ ಇವೆ. ನೀರು ಹೊರಗೆ ಹಾಕಿದೆ. ಫಿಲ್ಟರ್ ಕತ್ತರಿಸಿ ನೋಡಿದೆ, ಲೋಹ ಇಲ್ಲ. ಹೊಸ ಪ್ಲಗ್ ಹಾಕಿದೆ. ರೆಕ್ಕೆ ನಟ್ ಬಿಸಾಡಿ, ಲಾಕ್ ವಾಷರ್ ಹಾಕಿ ಸ್ಪ್ಯಾನರ್‌ನಿಂದ ಬಿಗಿದೆ. ಸುಟ್ಟ ಕಡೆ ತಂತಿ ಬ್ರಷ್‌ನಿಂದ ಉಜ್ಜಿದೆ. ಪರೀಕ್ಷೆ ಮಾಡಿದಾಗ ನೆಗೆಟಿವ್ ಕಡೆ 0.14 ವೋಲ್ಟ್, ಪಾಸಿಟಿವ್ ಕಡೆ 0.19.

ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಎಕ್ಸಾಸ್ಟಿನಿಂದ ಬಿಳಿ ಮೋಡ ಬಂದು ಅಂಗಳ ತುಂಬಿತು. ಫಾಗಿಂಗ್ ಆಯಿಲ್ ಸುಡುವುದು ಎಂದು ಗೊತ್ತಿದ್ದರೂ ಮೊದಲ ನಿಮಿಷ ಉಸಿರು ಬಿಗಿಹಿಡಿದು ನಿಂತಿದ್ದೆ. ಎಂಜಿನ್ ಮೊದಲು, ನೀರು ಆಮೇಲೆ ಎಂದು ಕಾಗದದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದ್ದೆ. ಆಯಿಲ್ ಮೂರು ಸಲ ಬದಲಿಸಿದೆ. ಮೂರನೇ ಸಲಕ್ಕೆ ಬಣ್ಣ ತಿಳಿಯಾಯಿತು.

ಎಂಜಿನ್ ಬಿಸಿ ಇರುವಾಗಲೇ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ) ನೋಡಿದೆ, ಥ್ರಾಟಲ್ ಪೂರ್ತಿ ತೆರೆದು. ಒಂದನೇ ಸಿಲಿಂಡರ್ 174 ಪಿಎಸ್‌ಐ, ಎರಡನೆಯದು 172, ಮೂರನೆಯದು 165. ಮೂರನೆಯದು ಕಡಿಮೆ ಇರುವುದೇ ಕೊರೆಯುತ್ತಿದೆ. ಅದೇ ಅಲ್ವಾ ನೀರು ತುಂಬಿದ್ದು?


ಹಳೇ ಸ್ಪ್ಯಾನರ್:

ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ವ್ಯತ್ಯಾಸ ನೂರಕ್ಕೆ ಹತ್ತರೊಳಗೆ ಇದ್ದರೆ ನಾನು ಬಿಚ್ಚಲು ಹೋಗುವುದಿಲ್ಲ. ನಿಮ್ಮದು ನೂರಕ್ಕೆ ಐದು ಚಿಲ್ಲರೆ. ರಿಂಗ್ ಮೇಲೆ ಸ್ವಲ್ಪ ತುಕ್ಕಿನ ಪದರ ಕೂತಿರಬಹುದು, ಓಡುತ್ತಾ ಸವೆದು ಸರಿಯಾಗುತ್ತದೆ. ಅಥವಾ ಅದು ಮೊದಲಿಂದಲೂ 165 ಇದ್ದಿರಬಹುದು. ನಿಮ್ಮ ನೋಟ್‌ಬುಕ್‌ನಲ್ಲಿ ಹಳೇ ಕಂಪ್ರೆಷನ್ ಸಂಖ್ಯೆ ಇಲ್ಲ, ಅಲ್ವಾ?

ಹತ್ತು ಗಂಟೆ ಓಡಿಸಿ ಮತ್ತೆ ನೋಡಿ. ಮೊದಲ ಎರಡು ಗಂಟೆ ದಡದ ಹತ್ತಿರವೇ ಇರಿ. ಹುಟ್ಟು, ಲಂಗರು ಎರಡೂ ಬೋಟಿನಲ್ಲಿರಲಿ. ಜೆಟ್ ಬೋಟಿಗೆ ಚುಕ್ಕಾಣಿ ಇಲ್ಲ, ನೀರು ಚಿಮ್ಮದಿದ್ದರೆ ತಿರುಗುವುದೂ ಇಲ್ಲ. ಎಂಜಿನ್ ನಿಂತರೆ ಅಲೆ ಹೋದ ಕಡೆಗೆ ನೀವೂ.


ಅಲೆಗಾರ:

ಈ ಥ್ರೆಡ್ ಓದಿ ಸಂಜೆ ಹೋಗಿ ನನ್ನ ಬ್ಯಾಟರಿ ನೋಡಿದೆ. ರೆಕ್ಕೆ ನಟ್. ಎರಡೂ ಕಡೆ. ಏನೂ ಕೇಳಬೇಡಿ.


ಲೆಕ್ಕದ ಪುಸ್ತಕ:

ಹತ್ತು ಗಂಟೆಯ ಲೆಕ್ಕ. 223 ಗಂಟೆಗೆ ಮತ್ತೆ ಅಳೆದೆ. 174, 173, 169. ಆಯಿಲ್ ತಿಳಿಯಾಗಿದೆ. ಒಂದೇ ಒಂದು ಸಲವೂ ಕೆಮ್ಮಿಲ್ಲ.

ಪಂಪಿನಿಂದ ಬರುವ ಹೋಸ್ ಎಲ್ಲಿದೆ ಎಂದು ಹುಡುಕಿ ಅದಕ್ಕೆ ಹಳದಿ ಟೇಪ್ ಸುತ್ತಿದ್ದೇನೆ. ಕ್ಲ್ಯಾಂಪ್ ಟೂಲ್ ಬಾಕ್ಸಿನಲ್ಲಿ ಮೇಲೇ ಇದೆ. ಅದರ ಹಿಡಿಗೆ ಮಗಳು ಒಂದು ಚೀಟಿ ಕಟ್ಟಿದ್ದಾಳೆ: "ಸ್ಟಾರ್ಟ್ ಮಾಡುವ ಮೊದಲು ನನ್ನನ್ನು ತೆಗೆಯಿರಿ."